ಹಳೆಯ ಕಾರುಗಳಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ದುರಸ್ತಿ

ಕ್ಯಾಟಲಿಟಿಕ್ ಕನ್ವರ್ಟರ್ ಅಥವಾ ವೇಗವರ್ಧಕ ಪರಿವರ್ತಕವು ಎಂಜಿನ್ನಿನಿಂದ ಹೊರಬರುವ ವಿಷಾನಿಲಗಳನ್ನು ಕಡಿಮೆ ಹಾನಿಕರವಾದ ಅನಿಲಗಳನ್ನಾಗಿ ಮಾರ್ಪಡಿಸುವ ಸಾಧನವಾಗಿದೆ. ಇದನ್ನು ಎಂಜಿನ್ ಮತ್ತು ಸೈಲೆನ್ಸರ್‌ಗಳ ನಡುವಿನ ಹೊಗೆಕೊಳವೆಯಲ್ಲಿ ಅಳವಡಿಸಲಾಗುತ್ತದೆ. ಹಳೆಯ ಪೆಟ್ರೋಲ್ ಕಾರಿನಲ್ಲಿ ಇದು ಕೆಟ್ಟಾಗ ಹೊಸದನ್ನು ಹಾಕಿಸಬೇಕೆ, ಹಾಗೆಯೇ ಓಡಿಸಬಹುದೆ ಅಥವಾ ಕಾರನ್ನೇ ಕೈಬಿಡಬೇಕೆ ಎಂಬ ಪ್ರಶ್ನೆ ಮಾಲೀಕರಿಗೆ ಎದುರಾಗುತ್ತದೆ.

ರಚನೆ ಮತ್ತು ಕಾರ್ಯ

ಉಕ್ಕಿನ ಕವಚದೊಳಗೆ ಜೇನುಗೂಡಿನಂತೆ ಸಣ್ಣ ರಂಧ್ರಗಳುಳ್ಳ ಸೆರಾಮಿಕ್ ಅಥವಾ ಲೋಹದ ತಿರುಳು ಇರುತ್ತದೆ. ಅದರ ಮೇಲೆ ಪ್ಲಾಟಿನಂ, ಪಲ್ಲಾಡಿಯಂ ಮತ್ತು ರೋಡಿಯಂ ಲೋಹಗಳ ತೆಳುವಾದ ಲೇಪನವಿರುತ್ತದೆ. ಇವುಗಳ ಸಂಪರ್ಕದಲ್ಲಿ ಕಾರ್ಬನ್ ಮಾನಾಕ್ಸೈಡ್ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಉರಿಯದೆ ಉಳಿದ ಹೈಡ್ರೋಕಾರ್ಬನ್‌ಗಳು ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿಯಾಗುತ್ತವೆ. ಸಾರಜನಕದ ಆಕ್ಸೈಡ್‌ಗಳು ಸಾರಜನಕವಾಗುತ್ತವೆ. ಈ ಕ್ರಿಯೆ ಆರಂಭವಾಗಲು ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕು.

ಭಾರತದಲ್ಲಿ

ಸೀಸಯುಕ್ತ ಪೆಟ್ರೋಲ್ ಈ ಲೇಪನವನ್ನು ನಿಷ್ಕ್ರಿಯಗೊಳಿಸುತ್ತದೆ. ಆದುದರಿಂದ 1995ರಲ್ಲಿ ದೆಹಲಿ, ಮುಂಬಯಿ, ಕಲ್ಕತ್ತ ಮತ್ತು ಮದರಾಸುಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಪರಿವರ್ತಕವನ್ನು ಕಡ್ಡಾಯಗೊಳಿಸಿದಾಗ, ಸೀಸರಹಿತ ಪೆಟ್ರೋಲನ್ನೂ ಜೊತೆಯಲ್ಲೇ ಜಾರಿಗೆ ತರಲಾಯಿತು. 2000ದಲ್ಲಿ ದೇಶದಾದ್ಯಂತ ಸೀಸಯುಕ್ತ ಪೆಟ್ರೋಲ್ ಮಾರಾಟ ನಿಂತಿತು.

ಕೆಡಲು ಕಾರಣಗಳು

ಪರಿವರ್ತಕವು ತಾನಾಗಿ ಕೆಡುವುದಕ್ಕಿಂತ ಬೇರೊಂದು ದೋಷದಿಂದ ಕೆಡುವುದೇ ಹೆಚ್ಚು. ಸ್ಪಾರ್ಕ್ ಪ್ಲಗ್ ಅಥವಾ ಇಗ್ನಿಷನ್ ಕಾಯಿಲ್ ಕೆಟ್ಟರೆ ಉರಿಯದ ಪೆಟ್ರೋಲ್ ಪರಿವರ್ತಕದೊಳಗೆ ಉರಿದು ಸೆರಾಮಿಕ್ ಕರಗುತ್ತದೆ. ಸವೆದ ಎಂಜಿನ್ ಆಯಿಲ್ ಸುಡುತ್ತಿದ್ದರೆ ಅದರಲ್ಲಿನ ರಂಜಕ ಲೇಪನವನ್ನು ಮುಚ್ಚುತ್ತದೆ. ರಸ್ತೆಯ ಉಬ್ಬಿಗೆ ತಗುಲಿ ಒಳಗಿನ ಸೆರಾಮಿಕ್ ಒಡೆಯುವುದೂ ಉಂಟು. ಏರಿನಲ್ಲಿ ಎಳೆತ ಕುಂದುವುದು, ತಳದಲ್ಲಿ ಗಲಗಲ ಸದ್ದು ಮತ್ತು ಕೊಳೆತ ಮೊಟ್ಟೆಯಂಥ ವಾಸನೆ ಇದರ ಲಕ್ಷಣಗಳು.

ದುರಸ್ತಿಯ ನಿರ್ಧಾರ

ಎಚ್ಚರಿಕೆಯ ದೀಪ ಹೊತ್ತಿದ ಮಾತ್ರಕ್ಕೆ ಪರಿವರ್ತಕ ಕೆಟ್ಟಿದೆಯೆಂದು ತೀರ್ಮಾನಿಸಬಾರದು. ಆಕ್ಸಿಜನ್ ಸೆನ್ಸರ್‌ನ ದೋಷ ಅಥವಾ ಹೊಗೆಕೊಳವೆಯ ಸೋರಿಕೆಯೂ ಅದೇ ದೀಪವನ್ನು ಹೊತ್ತಿಸಬಲ್ಲದು. ಇವುಗಳ ದುರಸ್ತಿಗೆ ತಗಲುವ ವೆಚ್ಚ ಬಹಳ ಕಡಿಮೆ. ಪರಿವರ್ತಕವೇ ಕೆಟ್ಟಿದ್ದರೆ ಮೂಲ ಕಾರಣವನ್ನು ಮೊದಲು ಸರಿಪಡಿಸಬೇಕು. ಇಲ್ಲವಾದರೆ ಹೊಸದೂ ಬೇಗನೆ ಹಾಳಾಗುತ್ತದೆ.

ಅನಂತರ ಕಾರಿನ ಉಳಿದ ಆಯುಷ್ಯವನ್ನು ಲೆಕ್ಕಹಾಕಬೇಕು. ಖಾಸಗಿ ಕಾರಿನ ನೋಂದಣಿ 15 ವರ್ಷಗಳವರೆಗೆ ಇದ್ದು, ತಪಾಸಣೆಯ ಬಳಿಕ 5 ವರ್ಷಗಳಿಗೆ ನವೀಕರಿಸಬಹುದು. ಎಂಜಿನ್ ಗಟ್ಟಿಯಾಗಿದ್ದು ಇನ್ನೂ ಕೆಲವು ವರ್ಷ ಬಳಸುವುದಾದರೆ ಹೊಸ ಪರಿವರ್ತಕದ ವೆಚ್ಚ ಸಾರ್ಥಕ. ಎಂಜಿನ್ ಆಯಿಲ್ ಸುಡುತ್ತಿದ್ದು, ಎರಡೂ ದುರಸ್ತಿಗಳ ವೆಚ್ಚ ಕಾರಿನ ಬೆಲೆಯನ್ನು ಮೀರುವುದಾದರೆ ಅದನ್ನು ಅಧಿಕೃತ ಗುಜರಿ ಕೇಂದ್ರಕ್ಕೆ ಒಪ್ಪಿಸುವುದು ಮೇಲು. ಅಗ್ಗದ ಬಿಡಿಭಾಗಗಳಲ್ಲಿ ಅಮೂಲ್ಯ ಲೋಹಗಳ ಪ್ರಮಾಣ ಕಡಿಮೆಯಿದ್ದು ಅವು ಬೇಗನೆ ನಿಷ್ಕ್ರಿಯವಾಗಬಹುದು.

ಪರಿವರ್ತಕವನ್ನು ತೆಗೆದು ಖಾಲಿ ಕೊಳವೆ ಜೋಡಿಸುವುದು ಪರಿಹಾರವಲ್ಲ. ಮೋಟಾರು ವಾಹನ ಕಾಯ್ದೆ, 1988ರ 190ನೇ ಕಲಮಿನಂತೆ ಮಾಲಿನ್ಯ ಮಿತಿಯನ್ನು ಮೀರಿದ ವಾಹನವನ್ನು ಓಡಿಸುವುದು ಅಪರಾಧ. 2019ರ ತಿದ್ದುಪಡಿಯ ಬಳಿಕ ಮೊದಲ ಅಪರಾಧಕ್ಕೆ 10,000 ರೂಪಾಯಿಗಳವರೆಗೆ ದಂಡ, 3 ತಿಂಗಳವರೆಗೆ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು.

ಹೊಗೆ ತಪಾಸಣಾ ಪ್ರಮಾಣಪತ್ರವೊಂದೇ ಪರಿವರ್ತಕದ ಸುಸ್ಥಿತಿಗೆ ಸಾಕ್ಷಿಯಲ್ಲ. ಪೆಟ್ರೋಲ್ ವಾಹನಗಳ ಈ ತಪಾಸಣೆಯಲ್ಲಿ ಮುಖ್ಯವಾಗಿ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್‌ಗಳನ್ನು ಅಳೆಯುತ್ತಾರೆ. ಸಾರಜನಕದ ಆಕ್ಸೈಡ್‌ಗಳನ್ನು ಅಳೆಯುವುದಿಲ್ಲ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲ. ಹೀಗಾಗಿ ಕಪ್ಪು ಹೊಗೆ ಕಾಣದ ಕಾರು ಕೂಡ ಹಿಂದೆ ನಿಂತವರ ಉಸಿರಿಗೆ ವಿಷ ಬೆರೆಸುತ್ತಿರಬಹುದು.