ಹಾಸಿಗೆ ಹಾಸಿದವನು ಮಲಗುವುದೆಲ್ಲಿ?

2024ರ ಜನವರಿಯಲ್ಲಿ ಅಮೆರಿಕದ ಮಯಾಮಿಯಿಂದ ಮೊದಲ ಯಾನ ಕೈಗೊಂಡ ‘ಐಕಾನ್ ಆಫ್ ದಿ ಸೀಸ್’ 20 ಅಂತಸ್ತುಗಳ ವಿಹಾರನೌಕೆ. ಈಜುಕೊಳಗಳೇ 7, ಪ್ರಯಾಣಿಕರ ಕೋಣೆಗಳು 2,805. ಕಡಲು ಕಾಣುವ ಬಾಲ್ಕನಿಯ ಕೋಣೆಗಳು ದುಬಾರಿ, ಕಿಟಕಿಯಿಲ್ಲದ ಒಳಕೋಣೆಗಳು ಅಗ್ಗ. ಓಲಾಟಕ್ಕೆ ಅಂಜುವವರಿಗೆ ನಡುಭಾಗದ ಕೆಳ ಅಂತಸ್ತೇ ಲೇಸು.

ಪ್ರಯಾಣಿಕನು ಊಟ ಮುಗಿಸಿ ಮರಳುವಷ್ಟರಲ್ಲಿ ಹಾಸಿಗೆ ಸುಕ್ಕಿಲ್ಲದೆ ಅಣಿಯಾಗಿರುತ್ತದೆ, ಟವೆಲು ಬದಲಾಗಿರುತ್ತದೆ. ಹೋಟೆಲಿನ ಅನ್ನ ಉಂಡ ನಾವು ಕೇಳದಿರಲಾರೆವು: ಅಣಿಗೊಳಿಸಿದವನು ಮಲಗುವುದೆಲ್ಲಿ? ಇಂಥ ನೌಕೆಗಳಲ್ಲಿ ಸಾಮಾನ್ಯವಾಗಿ ತಳದ ಅಂತಸ್ತಿನಲ್ಲಿ, ಕಿಟಕಿಯಿಲ್ಲದ ಕಿರುಕೋಣೆಯಲ್ಲಿ, ಇನ್ನೊಬ್ಬನೊಡನೆ, ಒಂದರ ಮೇಲೊಂದಿರುವ ಮಂಚಗಳಲ್ಲಿ. (ಓಲಾಟ ಅಲ್ಲಿಯೂ ಕಡಿಮೆಯೆನ್ನೋಣ!)

ಹೋಟೆಲಿನ ಕದ ಮುಚ್ಚಿದ ಮೇಲೆ ಮೇಜುಗಳನ್ನು ಜೋಡಿಸಿ ಮಲಗಿದ ನಮ್ಮ ಹಿರಿಯರಿಗೆ ಅಷ್ಟೂ ಇರಲಿಲ್ಲ. ಹಡಗಿನವನಿಗಾದರೋ ಕಾನೂನಿನ ಬಲವಿದೆ: 2006ರ ಅಂತಾರಾಷ್ಟ್ರೀಯ ನಾವಿಕ ಕಾರ್ಮಿಕ ಒಡಂಬಡಿಕೆಯಂತೆ ಅವನ ಮಂಚವು ಉದ್ದದಲ್ಲಿ 198, ಅಗಲದಲ್ಲಿ 80 ಸೆಂಟಿಮೀಟರಿಗೆ ಕಡಿಮೆಯಿರಕೂಡದು.