ಊರಿನ ಹೆಸರು ಊರಿಗೇ ಇಲ್ಲದಾಗ

ದಕ್ಷಿಣ ಫ್ರಾನ್ಸ್‌ನ ಅವೆರೋಂ ಜಿಲ್ಲೆಯಲ್ಲಿ, ಸುಮಾರು ಸಾವಿರ ಮೀಟರ್ ಎತ್ತರದ ಓಬ್ರಾಕ್ ಪ್ರಸ್ಥಭೂಮಿಯ ಮೇಲೆ ಲಾಯೋಲ್ ಎಂಬ ಹಳ್ಳಿಯಿದೆ. ಜನಸಂಖ್ಯೆ ಸಾವಿರದ ಇನ್ನೂರರ ಆಸುಪಾಸು. ದನದ ಸಂತೆ ನಡೆಯುತ್ತಿದ್ದ ಮೈದಾನದಲ್ಲಿ ಕಂಚಿನ ಹೋರಿಯೊಂದು ನಿಂತಿದೆ. ಈ ಊರು ಬದುಕಿದ್ದೇ ದನಗಳಿಂದ.

ಮೇ ಕೊನೆಯಲ್ಲಿ ಓಬ್ರಾಕ್ ತಳಿಯ ಹಸುಗಳಿಗೆ ಹೂವು, ಬಾವುಟ, ಗಂಟೆ ಕಟ್ಟಿ ಮೇಲಿನ ಹುಲ್ಲುಗಾವಲಿಗೆ ಹೊಡೆದುಕೊಂಡು ಹೋಗುತ್ತಾರೆ. ಚಳಿ ಶುರುವಾಗುವ ಮುನ್ನ ಅವು ಇಳಿದು ಬರುತ್ತವೆ. ಹಿಂದೆ ದನಗಾಹಿಗಳು ಬೇಸಿಗೆಯಿಡೀ ಅಲ್ಲಿನ ಕಲ್ಲಿನ ಗುಡಿಸಲುಗಳಲ್ಲಿದ್ದು ಚೀಸ್ ಮಾಡುತ್ತಿದ್ದರು. ಬೇಯಿಸಿದ ಆಲೂಗಡ್ಡೆಗೆ ಹೊಸ ಚೀಸ್ ಬೆರೆಸಿ, ಎಳೆ ಎಳೆಯಾಗಿ ಏಳುವವರೆಗೆ ತಿರುವಿದರೆ ಆಲಿಗೊ; ಊರಿನ ಹೆಮ್ಮೆಯ ಊಟ.

ಹಿಮ ಬಿದ್ದರೆ ಇಲ್ಲಿ ಕೆಲಸವಿಲ್ಲ. ಹಾಗಾಗಿ ಹತ್ತೊಂಬತ್ತನೇ ಶತಮಾನದಲ್ಲಿ ಜನ ಪ್ಯಾರಿಸ್‌ಗೆ ಗುಳೆ ಹೋದರು. ಅಲ್ಲಿ ನೀರು ಹೊತ್ತರು, ಕಲ್ಲಿದ್ದಲು ಮಾರಿದರು, ಅದರ ಪಕ್ಕದಲ್ಲೇ ವೈನ್ ಮಾರಿದರು. ಕೊನೆಗೆ ಕೆಫೆಗಳ ಮಾಲೀಕರಾದರು. ಅವರಿಗಾಗಿ 1882ರಲ್ಲೇ ಪ್ಯಾರಿಸ್‌ನಲ್ಲಿ ‘ಲೋವೆರ್ನ್ಯಾ ದ ಪಾರಿ’ ಎಂಬ ಪತ್ರಿಕೆ ಹುಟ್ಟಿತು. ಮುಂಬೈಯ ಉಡುಪಿ ಹೋಟೆಲುಗಳನ್ನು ಕಂಡ ನಮಗೆ ಈ ಕಥೆ ಬಿಡಿಸಿ ಹೇಳಬೇಕಿಲ್ಲ.

ಊರಿನ ಮಡಚುವ ಚಾಕುವಿನಲ್ಲೂ ಆ ವಲಸೆಯ ಗುರುತಿದೆ. 1829ರ ಸುಮಾರಿಗೆ ಹುಟ್ಟಿದ ಈ ಚಾಕುವಿಗೆ ಮೊದಲು ದನಗಾಹಿಗಳಿಗೆ ಬೇಕಾದ ಚೂಪು ಮೊಳೆ ಸೇರಿತು. 1880ರ ಸುಮಾರಿಗೆ, ಪ್ಯಾರಿಸ್‌ನ ಕೆಫೆಗಳಿಗೆ ಹೋದವರಿಗಾಗಿ, ಬಾಟಲಿಯ ಬಿರಡೆ ತೆಗೆಯುವ ತಿರುಪು ಸೇರಿತು. ಕಾಲಕ್ರಮೇಣ ಚಾಕು ತಯಾರಿಕೆ ತಿಯೇರ್ ಪಟ್ಟಣಕ್ಕೆ ಹೋಯಿತು. ಚೀಸ್ ಕೂಡ ಕಣ್ಮರೆಯಾಗುವ ಹಂತದಲ್ಲಿದ್ದಾಗ, 1960ರಲ್ಲಿ ಯುವ ರೈತರು ಸಹಕಾರ ಸಂಘ ಕಟ್ಟಿ ಅದನ್ನು ಉಳಿಸಿಕೊಂಡರು. 1987ರಲ್ಲಿ ಚಾಕುವಿನ ಕುಲುಮೆ ಮತ್ತೆ ಊರಿಗೆ ಬಂತು.

ಅಷ್ಟರಲ್ಲಿ ಇನ್ನೊಂದು ಪೆಟ್ಟು ಬಿತ್ತು. 1993ರಲ್ಲಿ ಹೊರಗಿನ ಉದ್ಯಮಿಯೊಬ್ಬರು ಊರಿನ ಹೆಸರನ್ನೇ ತಮ್ಮ ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಿಕೊಂಡರು. ಆಮದು ಸರಕಿನ ಮೇಲೂ ‘ಲಾಯೋಲ್’ ಎಂದು ಬರೆದು ಮಾರುವುದು ಶುರುವಾಯಿತು. ಆ ಹೆಸರು ಬಳಸಲು ಊರಿನವರೇ ಕೋರ್ಟಿಗೆ ಅಲೆಯಬೇಕಾಯಿತು. 2012ರಲ್ಲಿ, ಮೊದಲ ಸುತ್ತಿನಲ್ಲಿ ಸೋತ ಸಿಟ್ಟಿಗೆ, ಊರ ಪ್ರವೇಶದ ನಾಮಫಲಕವನ್ನೇ ಕಿತ್ತು ಪ್ರತಿಭಟಿಸಿದರು. 2019ರ ಮಾರ್ಚ್‌ನಲ್ಲಿ ಪ್ಯಾರಿಸ್‌ನ ಮೇಲ್ಮನವಿ ನ್ಯಾಯಾಲಯ ಅಂಥ ಹಲವು ಟ್ರೇಡ್‌ಮಾರ್ಕ್‌ಗಳನ್ನು ರದ್ದುಪಡಿಸಿತು.

ಊರಿಗೆ ಹೆಸರು ತಂದವರಲ್ಲಿ ಹೊರಗೆ ಹೋದವರೂ ಇದ್ದಾರೆ. ಆದರೆ ಆ ಹೆಸರಿಗಾಗಿ ಹೋರಾಡಲು ಬೇಕಿದ್ದ ಹಾಲು, ಕುಲುಮೆ, ಪಂಚಾಯಿತಿ ಮೂರನ್ನೂ ಕೈಬಿಡದೆ ಹಿಡಿದವರು ಊರಲ್ಲೇ ಉಳಿದವರು. ನಮ್ಮೂರಿನ ಹಪ್ಪಳ, ಬೆಲ್ಲ, ಸೀರೆಗಳ ಹೆಸರು ಹೇಳಿ ಹೊರನಾಡಿನಲ್ಲಿ ಹೆಮ್ಮೆಪಡುವ ನಾವು, ಅವನ್ನು ಇವತ್ತಿಗೂ ಮಾಡುತ್ತಿರುವವರ ಹತ್ತಿರವೇ ಕೊಂಡರೆ ಆ ಹೆಮ್ಮೆಗೆ ಅರ್ಥ ಬಂದೀತು.