ಎರಡು ಒಲೆ, ಒಂದೇ ಲೆಕ್ಕದ ಪುಸ್ತಕ

ಸೌದಿಯಲ್ಲಿ ಹೆಂಡತಿ ಮಕ್ಕಳನ್ನು ಜೊತೆಗಿಟ್ಟುಕೊಂಡಿದ್ದ ನಮ್ಮವರ ಲೆಕ್ಕಾಚಾರ ತಲೆಕೆಳಗಾದದ್ದು 2017ರ ಜುಲೈಯಲ್ಲಿ. ಅವಲಂಬಿತರ ತಲೆಗೆ ತಿಂಗಳಿಗೆ 100 ರಿಯಾಲ್ ಎಂದು ಶುರುವಾದ ಲೆವಿ ವರ್ಷಕ್ಕೆ ನೂರು ನೂರು ಏರುತ್ತಾ 2020ರ ಜುಲೈಗೆ 400ಕ್ಕೆ ಬಂತು. ಹೆಂಡತಿ ಮತ್ತು ಮೂರು ಮಕ್ಕಳಾದರೆ ತಿಂಗಳಿಗೆ 1,600, ವರ್ಷಕ್ಕೆ 19,200 ರಿಯಾಲ್. ಅದೇ ಜುಲೈಯಲ್ಲಿ ವ್ಯಾಟ್ ಕೂಡಾ ಶೇ. 5ರಿಂದ 15ಕ್ಕೆ ಹಾರಿತು. ನಾಲ್ಕೈದು ಸಾವಿರ ಸಂಬಳದವನಿಗೆ ಇದು ತಡೆಯುವ ಮಾತಲ್ಲ. ಜುಬೈಲ್, ದಮಾಮ್, ರಿಯಾದ್‌ನಿಂದ ಕುಟುಂಬಗಳು ಒಂದೊಂದಾಗಿ ಊರಿಗೆ ಬಂದವು. ಗಂಡ ಅಲ್ಲಿ ಬ್ಯಾಚುಲರ್ ರೂಮಿಗೆ ಹೋದ. ಹೆಂಡತಿ ಮಕ್ಕಳು ಶಾಲೆ ಹತ್ತಿರವಾಗಲಿ ಎಂದು ತೊಕ್ಕೊಟ್ಟು, ದೇರಳಕಟ್ಟೆಯ ಕಡೆ ಬಾಡಿಗೆ ಫ್ಲ್ಯಾಟ್ ಹಿಡಿದರು. ಉಮ್ಮ ಹಳ್ಳಿಯ ಮನೆ ಬಿಟ್ಟು ಬರಲೊಪ್ಪಲಿಲ್ಲ. ಒಂದು ಒಲೆ ಇದ್ದಲ್ಲಿ ಎರಡಾಯಿತು, ಕೆಲವರದ್ದು ಮೂರು.

ಇಂಥ ಮನೆಗಳಲ್ಲಿ ದುಡ್ಡು ಸೋರುವ ದೊಡ್ಡ ತೂತು ಯಾವುದೆಂದು ಕೇಳಿದರೆ ಕೆಲವರು ಕರೆಂಟು ಬಿಲ್ ಎನ್ನುತ್ತಾರೆ, ಕೆಲವರು ಮೀನು ಎನ್ನುತ್ತಾರೆ. ಅದು ಯಾವುದೂ ಅಲ್ಲ. ಇಬ್ಬರಿಗೂ ಪರಸ್ಪರರ ಲೆಕ್ಕ ಗೊತ್ತಿಲ್ಲದಿರುವುದೇ ದೊಡ್ಡ ತೂತು. "ಸಂಬಳ ಎಷ್ಟು ಅಂತ ನಿಂಗೆ ಎಂತಕ್ಕೆ, ಬೇಕಾದ್ದು ಕಳಿಸ್ತೇನಲ್ಲ" ಎನ್ನುವ ಗಂಡಸರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಓವರ್‌ಟೈಮ್ ನಿಂತು ಆರು ತಿಂಗಳಾದರೂ ಮನೆಗೆ ಹೇಳಿರುವುದಿಲ್ಲ. ಈ ಕಡೆ ಅವಳು ಟ್ಯೂಷನ್ ಫೀಸಿಗೆ ಬಳೆ ಅಡವಿಟ್ಟದ್ದನ್ನು ಅವನಿಗೆ ಹೇಳಿರುವುದಿಲ್ಲ. ಇಬ್ಬರದ್ದೂ ಒಂದೇ ಮಾತು: "ಅಷ್ಟು ದೂರ ಇರುವವರಿಗೆ ಬೇಜಾರು ಯಾಕೆ ಕೊಡುವುದು?" ಪ್ರೀತಿಯ ಮಾತೇ ಹೌದು, ಆದರೆ ಲೆಕ್ಕ ಅದರಿಂದ ಸರಿಯಾಗುವುದಿಲ್ಲ.

ಹಾಗಾಗಿ ಮೊದಲ ಕೆಲಸ, ಒಂದು ನೋಟ್‌ಬುಕ್ ತನ್ನಿ. ಮೊಬೈಲ್ ಆ್ಯಪ್ ಬೇಕಾಗಿಲ್ಲ, ಮಕ್ಕಳ ಇನ್ನೂರು ಪುಟದ ಪುಸ್ತಕ ಸಾಕು. ಸಂಬಳ ಬಂದ ಮೊದಲ ಶುಕ್ರವಾರ ಜುಮಾ ಕಳೆದು ಫೋನಿನಲ್ಲಿ ಇಬ್ಬರೂ ಕಾಲು ಗಂಟೆ ಕುಳಿತು ಬರೆಯಿರಿ: ಬಂದದ್ದು, ಅಲ್ಲಿನ ರೂಮು ಮತ್ತು ಮೆಸ್, ಇಲ್ಲಿನ ಬಾಡಿಗೆ ಮತ್ತು ಮನೆಖರ್ಚು, ಉಮ್ಮನ ಮದ್ದು, ಶಾಲೆ, ಸಾಲ, ಉಳಿದದ್ದು. ಉಳಿದದ್ದನ್ನು ರಿಯಾಲಿನಲ್ಲಿ ನೋಡುವುದಕ್ಕಿಂತ ತಿಂಗಳಿನಲ್ಲಿ ನೋಡಿ. 4,000 ರಿಯಾಲ್ ಸಂಬಳದಲ್ಲಿ ಅವನ ಖರ್ಚು 1,200, ಊರಿಗೆ 2,000, ಉಳಿಯುವುದು 800 ಎಂದಿಟ್ಟುಕೊಳ್ಳಿ. ಆಗ 4,000 ರಿಯಾಲಿನ ಒಂದು ಫೋನ್ ಅಂದರೆ ಬರೀ ಫೋನ್ ಅಲ್ಲ, ಅವನು ಮರುಭೂಮಿಯಲ್ಲಿ ಹೆಚ್ಚು ಕಳೆಯಬೇಕಾದ ಐದು ತಿಂಗಳು. ಹೀಗೆ ಬರೆದು ಕಣ್ಣಮುಂದೆ ಇಟ್ಟರೆ "ಬೇಡ" ಎನ್ನುವ ಮಾತನ್ನು ಮಗಳೇ ಹೇಳುತ್ತಾಳೆ. ಕುಟುಂಬದವರ ಮದುವೆ, ಮಸೀದಿ ವಂತಿಗೆ, ಸದಖಾಕ್ಕೂ ಒಂದು ಸಾಲು ಇರಲಿ. ಆ ಸಾಲಿನಲ್ಲಿ ಎಷ್ಟಿದೆಯೋ ಅಷ್ಟು ಕೊಡುವುದು. ಕೈಬಿಚ್ಚಿ ಕೊಟ್ಟು ಆಮೇಲೆ ರೂಮಿನವರ ಹತ್ತಿರ ಸಾಲ ಕೇಳುವುದಕ್ಕಿಂತ ಇದು ಮರ್ಯಾದೆಯ ದಾರಿ. ಝಕಾತಿನ ಲೆಕ್ಕಕ್ಕೂ ಈ ಪುಸ್ತಕವೇ ಆಧಾರ. ಚಿನ್ನ, ನಗದು, ಕೊಟ್ಟ ಸಾಲ ಒಂದೇ ಕಡೆ ಬರೆದಿದ್ದರೆ ರಮಝಾನಿನಲ್ಲಿ ಖತೀಬರ ಹತ್ತಿರ ಕೇಳುವುದೂ ಸುಲಭ.

ಅಲ್ಲಿನ ಒಲೆಯ ವಿಷಯ. ಐದಾರು ಜನ ಸೇರಿ ಮೆಸ್ ಮಾಡಿ, ಅಡುಗೆಗೆ ಸರದಿ ಹಾಕಿಕೊಂಡರೆ ಹೊಟೇಲಿನ ಅರ್ಧಕ್ಕಿಂತ ಕಡಿಮೆಗೆ ಊಟ ಆಗುತ್ತದೆ. ಇದು ಎಲ್ಲರಿಗೂ ಗೊತ್ತಿದ್ದದ್ದೇ. ಗೊತ್ತಿದ್ದೂ ಸೋರುವುದು ಬಖಾಲಾದ ಉದ್ರಿ ಪುಸ್ತಕದಲ್ಲಿ. ರೂಮಿನ ಕೆಳಗಿನ ಅಂಗಡಿಯಿಂದ ದಿನಾ ಜ್ಯೂಸ್, ಬಿಸ್ಕತ್ತು, ರೀಚಾರ್ಜ್ ಎಂದು ಬರೆಸಿದ್ದು ತಿಂಗಳ ಕೊನೆಗೆ ಎಷ್ಟಾಗುತ್ತದೆಂದು ಒಮ್ಮೆ ಕೂಡಿಸಿ ನೋಡಿ. ವಾರಕ್ಕೊಮ್ಮೆ ದೊಡ್ಡ ಸೂಪರ್ ಮಾರ್ಕೆಟಿನ ಆಫರ್ ನೋಡಿ ನಗದಿಗೆ ತಂದರೆ ಅದೇ ಸಾಮಾನು ಕಡಿಮೆಗೆ ಸಿಗುತ್ತದೆ. ಆದರೆ ಹೊಟ್ಟೆಗೆ ಕತ್ತರಿ ಹಾಕಬೇಡಿ. ಖುಬ್ಬೂಸ್ ಅಗ್ಗ ಎಂದು ಮೂರು ಹೊತ್ತೂ ಅದನ್ನೇ ತಿಂದು, ಸಿಹಿ ಸುಲೈಮಾನಿ ಕುಡಿದು, ನಲ್ವತ್ತಕ್ಕೇ ಸಕ್ಕರೆ ಕಾಯಿಲೆ ಹಚ್ಚಿಕೊಂಡು ಬಂದವರು ಪ್ರತಿ ಜಮಾಅತಿನಲ್ಲೂ ಇದ್ದಾರೆ. ಉಳಿಸಿದ್ದೆಲ್ಲಾ ಆಮೇಲೆ ಆಸ್ಪತ್ರೆಗೆ.

ರೂಮಿನ ಕುರಿ (ಚೀಟಿ) ಒಳ್ಳೆಯ ಉಳಿತಾಯವೇ. ಏಲಂ ಇಲ್ಲದೆ, ಸರದಿ ಪ್ರಕಾರ ಪೂರ್ತಿ ಮೊತ್ತ ಕೊಡುವ ಕುರಿಯಾದರೆ ಬಡ್ಡಿಯ ಪ್ರಶ್ನೆಯೂ ಬರುವುದಿಲ್ಲ. ಆದರೆ ಯಾರು ಯಾವ ತಿಂಗಳು ಪಡೆದರು ಎಂಬುದಕ್ಕೆ ಎಲ್ಲರ ಸಹಿ ಇರುವ ಕಾಗದ ಬೇಕು. ಫೈನಲ್ ಎಕ್ಸಿಟ್ ಹೊಡೆಯುವ ಅಂದಾಜಿನಲ್ಲಿರುವವನಿಗೆ ಮೊದಲ ಸರದಿ ಕೊಡಬೇಡಿ, ಅವನು ನಿಮ್ಮ ಭಾವನೇ ಆಗಿರಲಿ.

ಹಣ ಕಳಿಸುವಾಗ ಎರಡು ಕಡೆ ಕಳೆದುಹೋಗುತ್ತದೆ: ಶುಲ್ಕದಲ್ಲಿ ಮತ್ತು ರೇಟಿನಲ್ಲಿ. ಒಂದು ಸಲಕ್ಕೆ 15 ರಿಯಾಲ್ ಶುಲ್ಕ ಎಂದಿಟ್ಟುಕೊಂಡರೆ ತಿಂಗಳಿಗೆ ಮೂರು ಸಲ ಕಳಿಸುವವನು ವರ್ಷಕ್ಕೆ 360 ರಿಯಾಲ್ ಹೆಚ್ಚು ಕೊಡುತ್ತಾನೆ. "ಅರ್ಜೆಂಟುಂಟು, ಸ್ವಲ್ಪ ಹಾಕಿ" ಎಂಬ ಫೋನ್‌ಗಳನ್ನು ಪುಸ್ತಕದ ಲೆಕ್ಕ ಕಡಿಮೆ ಮಾಡುತ್ತದೆ. ರೇಟಿನಲ್ಲಿ ರಿಯಾಲಿಗೆ 5 ಪೈಸೆ ವ್ಯತ್ಯಾಸ ಎಂದರೆ 2,000 ರಿಯಾಲಿಗೆ 100 ರೂಪಾಯಿ. ಶುಲ್ಕ ಇಲ್ಲ ಎನ್ನುವವರು ರೇಟಿನಲ್ಲಿ ಹಿಡಿಯುತ್ತಾರೆ, ಹಾಗಾಗಿ ಕೊನೆಗೆ ಕೈಗೆ ಬರುವ ರೂಪಾಯಿ ಎಷ್ಟೆಂದು ಮಾತ್ರ ಕೇಳಿ. ರಿಯಾಲ್ ಡಾಲರಿಗೆ 3.75ರಂತೆ ಕಟ್ಟಿಹಾಕಿದ ಹಣ, ದಿರ್ಹಮ್ 3.67ರ ಲೆಕ್ಕದಲ್ಲಿ ಹಾಗೆಯೇ. ಡಾಲರ್ ಏರಿದರೆ ಇವು ಏರುತ್ತವೆ, ಬೇರೆ ಗುಟ್ಟೇನಿಲ್ಲ. ರೇಟ್ ಏರಲಿ ಎಂದು ಮೂರು ತಿಂಗಳು ಹಣ ಹಿಡಿದಿಟ್ಟು ಇಲ್ಲಿ ಹೆಂಡತಿ ಅಂಗಡಿಯಲ್ಲಿ ಸಾಲ ಬರೆಸುವ ಹಾಗೆ ಮಾಡುವುದು ಜಾಣತನವಲ್ಲ.

ಹುಂಡಿಯ ರೇಟ್ ಯಾವತ್ತೂ ಆಸೆ ಹುಟ್ಟಿಸುವಂಥದ್ದು. ಕಾನೂನಿಗೆ ವಿರುದ್ಧ ಎಂಬುದು ಒಂದು. ಇನ್ನೊಂದು, ಹತ್ತು ವರ್ಷ ಹುಂಡಿಯಲ್ಲಿ ಕಳಿಸಿದವನ ಹತ್ತಿರ ತಾನು ದುಡಿದದ್ದಕ್ಕೆ ಒಂದು ಚೂರು ಕಾಗದ ಇರುವುದಿಲ್ಲ. ನಾಳೆ ಜಾಗ ತೆಗೆಯುವಾಗ ದುಡ್ಡು ಎಲ್ಲಿಂದ ಬಂತೆಂದು ಕೇಳಿದರೆ ಉತ್ತರ ಇಲ್ಲ. ಎನ್‌ಆರ್‌ಇ ಖಾತೆಗೆ ಬಂದ ಹಣಕ್ಕೆ ಆ ತಾಪತ್ರಯ ಇಲ್ಲ, ಬೇಕಾದರೆ ವಾಪಸ್ ಹೊರಗೂ ಒಯ್ಯಬಹುದು. ಗಲ್ಫಿಗೆ ಹೋದ ಮೇಲೂ ಊರಿನ ಹಳೇ ಉಳಿತಾಯ ಖಾತೆಯನ್ನೇ ಓಡಿಸುವುದು ನಿಯಮಕ್ಕೆ ಸರಿಯಲ್ಲ, ಅದನ್ನು ಎನ್‌ಆರ್‌ಒ ಮಾಡಿಸಬೇಕು. ಎನ್‌ಆರ್‌ಇ ಖಾತೆಯಿಂದ ಇಲ್ಲಿನ ಖರ್ಚು ನೋಡಿಕೊಳ್ಳಲು ಹೆಂಡತಿಗೆ ಅಧಿಕಾರಪತ್ರ ಕೊಡಲು ಬ್ಯಾಂಕಿನಲ್ಲಿ ಫಾರ್ಮ್ ಇದೆ. ಎಟಿಎಂ ಕಾರ್ಡ್ ಮೈದುನನ ಕೈಯಲ್ಲಿ, ಪಿನ್ ಇಡೀ ಮನೆಯವರ ಬಾಯಲ್ಲಿ ಇರುವುದಕ್ಕಿಂತ ಅದು ಒಳ್ಳೆಯದು.

ಇನ್ನು ರಜೆ. ಕುಟುಂಬ ಅಲ್ಲಿದ್ದ ಕಾಲದಲ್ಲಿ ಅಲ್ಲಿನ ಶಾಲೆಗೆ ರಜೆ ಸಿಗುವುದು ಜುಲೈ-ಆಗಸ್ಟ್, ಎಲ್ಲರೂ ಆಗಲೇ ಹೊರಡುವುದು, ಟಿಕೆಟ್ ಆಕಾಶಕ್ಕೆ. ಕುಟುಂಬ ಊರಿಗೆ ಬಂದು ವರ್ಷಗಳಾದವು, ಆದರೆ ನಮ್ಮವರು ಇನ್ನೂ ಜುಲೈಯಲ್ಲೇ ಬರುತ್ತಾರೆ! ಬಂದು ನೋಡಿದರೆ ಎಂತ ಉಂಟು? ಮಕ್ಕಳು ಬೆಳಿಗ್ಗೆ ಶಾಲೆಗೆ, ಸಂಜೆ ಮದ್ರಸಕ್ಕೆ. ಹೊರಗೆ ಜಡಿಮಳೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ 61 ದಿನ ನಿಷೇಧ, ಬಂಗುಡೆಯ ಕ್ರಯ ಕೇಳಿದರೆ ಊಟ ಬೇಡವೆನಿಸುತ್ತದೆ. ಇಲ್ಲಿನ ಮಕ್ಕಳಿಗೆ ರಜೆ ಇರುವುದು ಏಪ್ರಿಲ್-ಮೇ ಮತ್ತು ದಸರಾದ ಹೊತ್ತಿಗೆ. ಕಂಪೆನಿ ಒಪ್ಪುವುದಾದರೆ ಅವನು ಅಕ್ಟೋಬರಿಗೆ ರಜೆ ಕೇಳಲಿ; ಟಿಕೆಟೂ ಕಡಿಮೆ, ಮೀನೂ ಉಂಟು, ಮಕ್ಕಳೂ ಮನೆಯಲ್ಲಿ. ಹೆಂಡತಿ ಮಕ್ಕಳು ವಿಸಿಟ್ ವೀಸಾದಲ್ಲಿ ಅಲ್ಲಿಗೆ ಹೋಗುವುದಾದರೆ ಬೇಸಿಗೆ ರಜೆಯಲ್ಲಿ ಹೋಗಿ ಬರಬಹುದು. ವರ್ಷವಿಡೀ ಲೆವಿ ಕಟ್ಟುವುದಕ್ಕೆ ಹೋಲಿಸಿದರೆ ಎರಡು ತಿಂಗಳ ವಿಸಿಟ್ ಎಷ್ಟೋ ಪಾಲು ಹಗುರ. ಆದರೆ ಹಜ್ಜ್ ಈಗ ಮೇ-ಜೂನಿನ ಆಸುಪಾಸಿಗೆ ಬರುತ್ತಿದೆ. ಆ ದಿನಗಳಲ್ಲಿ ವಿಸಿಟ್ ವೀಸಾದವರನ್ನು ಮಕ್ಕಾಕ್ಕೆ ಬಿಡುವುದಿಲ್ಲ. ಉಮ್ರಾದ ಆಸೆ ಇದ್ದವರು ದಿನ ನೋಡಿಯೇ ಟಿಕೆಟ್ ತೆಗೆಯಲಿ. ವೀಸಾ ನಿಯಮವೂ ಆಗಾಗ ಬದಲಾಗುತ್ತದೆ, ಕಳೆದ ವರ್ಷ ಹೋಗಿ ಬಂದವರ ಮಾತು ನಂಬಿ ಹೊರಡಬೇಡಿ.

ಬಜ್ಪೆಯಿಂದ ದುಬಾರಿಯಾದರೆ ಕಣ್ಣೂರನ್ನೂ ನೋಡಿ. ಮಟ್ಟನ್ನೂರಿನ ಆ ವಿಮಾನ ನಿಲ್ದಾಣ 2018ರ ಡಿಸೆಂಬರಿನಲ್ಲಿ ಶುರುವಾಯಿತು. ಕಾರಿನ ಬಾಡಿಗೆ ಸೇರಿಸಿ ಹೋಲಿಸಿದರೆ ಮಾತ್ರ ನಿಜವಾದ ಲೆಕ್ಕ ಸಿಗುತ್ತದೆ. ಅಂದ ಹಾಗೆ, ಒಬ್ಬನನ್ನು ಕಳಿಸಲು ಮೂರು ಕಾರಿನಲ್ಲಿ ಹೋಗುವ ನಮ್ಮ ಸಂಪ್ರದಾಯಕ್ಕೆ ಯಾವ ರಿಯಾಯಿತಿ ಟಿಕೆಟೂ ಪರಿಹಾರವಲ್ಲ.

ಪೆಟ್ಟಿಗೆಯ ವಿಷಯ ಹೇಳಿದರೆ ಕೆಲವರಿಗೆ ಸಿಟ್ಟು ಬರಬಹುದು. ಟ್ಯಾಂಗ್, ಹಾಲಿನ ಪುಡಿ, ಕಂಬಳಿ, ಅತ್ತರು, ಬಾದಾಮಿ ಎಲ್ಲವೂ ಈಗ ಮಂಗಳೂರಿನಲ್ಲೇ ಸಿಗುತ್ತದೆ. ಹೆಚ್ಚುವರಿ ತೂಕಕ್ಕೆ ದುಡ್ಡು ತೆತ್ತು ತಂದ ಪುಡಿಯ ಡಬ್ಬಕ್ಕೆ ಎಷ್ಟು ಬಿತ್ತೆಂದು ಯಾರೂ ಲೆಕ್ಕ ಹಾಕುವುದಿಲ್ಲ. ಹತ್ತಿರದವರಿಗೆ ಖರ್ಜೂರ ಸಾಕು. ಚಿನ್ನವೂ ಮೊದಲಿನಂತಿಲ್ಲ: ಭಾರತದಲ್ಲಿ ಆಮದು ಸುಂಕ 2024ರ ಜುಲೈಯಲ್ಲಿ ಶೇ. 15ರಿಂದ 6ಕ್ಕೆ ಇಳಿದ ಮೇಲೆ ಅಲ್ಲಿಗೂ ಇಲ್ಲಿಗೂ ಇದ್ದ ಅಂತರ ಕುಗ್ಗಿತು, ಸೌದಿಯಲ್ಲಿ ಆಭರಣದ ಮೇಲೆ 15 ಶೇಕಡಾ ವ್ಯಾಟ್ ಬೇರೆ. ವರ್ಷಕ್ಕಿಂತ ಹೆಚ್ಚು ಹೊರಗಿದ್ದವರಿಗೆ ಸುಂಕವಿಲ್ಲದೆ ತರಲು ಮಿತಿ ಇರುವುದು ಹೆಂಗಸರಿಗೆ 40 ಗ್ರಾಂ, ಗಂಡಸರಿಗೆ 20 ಗ್ರಾಂ ಆಭರಣ. ಯಾರದೋ ಪೊಟ್ಟಣ "ಊರಲ್ಲಿ ಕೊಟ್ಟರೆ ಸಾಕು" ಎಂದರೆ ತರಬೇಡಿ. ಆ ಒಂದು ಪೊಟ್ಟಣಕ್ಕೆ ಕೆಲಸವೂ ಹೋದೀತು, ಜೈಲೂ ಆದೀತು.

ಇಲ್ಲಿನ ಒಲೆಯಲ್ಲಿ ನೋಡಬೇಕಾದ್ದು ಕರೆಂಟು. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು, ದಾಟಿದ ಐದು ಯೂನಿಟಿಗೆ ಮಾತ್ರ ಅಲ್ಲ. 2,000 ವಾಟಿನ ಗೀಸರ್ ಅರ್ಧ ಗಂಟೆಗೆ ಒಂದು ಯೂನಿಟ್ ತಿನ್ನುತ್ತದೆ. ಒಂದು ಎಚ್‌ಪಿ ಪಂಪ್ ಗಂಟೆಗೆ ಮುಕ್ಕಾಲು. ಮಾರ್ಚ್-ಏಪ್ರಿಲಿನಲ್ಲಿ ಎಸಿ ಹಾಕುವವರು ತಿಂಗಳ ಮಧ್ಯದಲ್ಲೊಮ್ಮೆ ಮೀಟರ್ ಓದಿಕೊಂಡರೆ ಕೊನೆಯ ವಾರ ಕೈ ಹಿಡಿಯಬಹುದು. ಬಾಡಿಗೆ ಮನೆಯವರಿಗೂ ಈ ಯೋಜನೆ ಇದೆ. ಮನೆ ಬದಲಿಸುವಾಗ ಹಳೇ ಮೀಟರಿನಿಂದ ಹೆಸರು ಬಿಡಿಸಿ ಹೊಸದಕ್ಕೆ ಸೇರಿಸಿಕೊಳ್ಳಬೇಕು, ಹಲವರು ಅದನ್ನು ಮಾಡಿರುವುದಿಲ್ಲ. ಮಹಿಳೆಯರಿಗೆ ಬಸ್ ಉಚಿತ ಇರುವುದು ಸರಕಾರಿ ಬಸ್ಸಿನಲ್ಲಿ, ನಮ್ಮ ಜಿಲ್ಲೆಯಲ್ಲಿ ಹೆಚ್ಚು ಓಡುವುದು ಖಾಸಗಿ. ಪುತ್ತೂರು, ಉಪ್ಪಿನಂಗಡಿಯ ಕಡೆ ಉಮ್ಮನನ್ನು ನೋಡಲು ಹೋಗುವವರು ಕೆಎಸ್‌ಆರ್‌ಟಿಸಿಯ ಸಮಯ ಬರೆದಿಟ್ಟುಕೊಂಡರೆ ತಿಂಗಳಿಗೆ ಒಂದಷ್ಟು ಉಳಿಯುತ್ತದೆ.

ಇಷ್ಟೆಲ್ಲ ಉಳಿಸಿದ್ದನ್ನು ಒಮ್ಮೆಗೇ ನುಂಗುವುದು ಮನೆ ಕಟ್ಟುವ ಕೆಲಸ. ಮೂರು ಜನ ಇರುವ ಮನೆಗೆ ಆರು ಕೋಣೆ, ಎರಡು ಮಹಡಿ, ಮೇಲಿನದಕ್ಕೆ ಬೀಗ. ಕಟ್ಟುವಾಗ ಕೆಳಗಿನ ಮಹಡಿ ಮಾತ್ರ ಮುಗಿಸಿ, ಪಿಲ್ಲರು ಮೇಲಕ್ಕೆ ಬಿಡಿ. ಮೇಲೆ ಕಟ್ಟುವ ಕಾಲ ಬಂದರೆ ಮಕ್ಕಳೇ ಕಟ್ಟುತ್ತಾರೆ.

ಸೌದಿಯಲ್ಲಿ ಕೆಲಸ ಬಿಡುವಾಗ ಸಿಗುವ ಸರ್ವೀಸ್ ಹಣವನ್ನೂ ಪುಸ್ತಕದಲ್ಲಿ ಬರೆಯಿರಿ. ಮೊದಲ ಐದು ವರ್ಷಕ್ಕೆ ವರ್ಷಕ್ಕೆ ಅರ್ಧ ತಿಂಗಳ ಸಂಬಳ, ಆಮೇಲೆ ವರ್ಷಕ್ಕೆ ಒಂದು ತಿಂಗಳದ್ದು. ಕೊನೆಯ ಸಂಬಳ 3,000 ಇದ್ದರೆ ಹತ್ತು ವರ್ಷಕ್ಕೆ 22,500 ರಿಯಾಲ್. ಆದರೆ ತಾನಾಗಿ ರಾಜೀನಾಮೆ ಕೊಟ್ಟವನಿಗೆ ಐದರಿಂದ ಹತ್ತು ವರ್ಷದೊಳಗೆ ಮೂರರಲ್ಲಿ ಎರಡು ಪಾಲು ಮಾತ್ರ, ಹತ್ತು ತುಂಬಿದ ಮೇಲೆ ಪೂರ್ತಿ. ಒಂಬತ್ತೂವರೆ ವರ್ಷದಲ್ಲಿ ಮ್ಯಾನೇಜರನ ಮೇಲಿನ ಕೋಪಕ್ಕೆ ಕಾಗದ ಎಸೆದು ಬರುವವರು ಇದನ್ನೊಮ್ಮೆ ಓದಲಿ.

ಕೊನೆಯದಾಗಿ, ಆ ನೋಟ್‌ಬುಕ್ಕಿನ ಜೊತೆ ಒಂದು ಫೈಲು. ಅದರಲ್ಲಿ ಪಾಸ್‌ಪೋರ್ಟ್, ಇಖಾಮಾ, ಕೆಲಸದ ಕರಾರಿನ ಪ್ರತಿ, ಕಂಪೆನಿಯ ಮತ್ತು ಒಬ್ಬ ರೂಮ್‌ಮೇಟಿನ ನಂಬರು, ಬ್ಯಾಂಕ್ ಖಾತೆಗಳ ಪಟ್ಟಿ, ಕೊಡಬೇಕಾದ ಮತ್ತು ಬರಬೇಕಾದ ಸಾಲ ಇರಲಿ. ಹತ್ತನೇ ಪಾಸಾಗದೆ ಇಸಿಆರ್ ಪಾಸ್‌ಪೋರ್ಟಿನಲ್ಲಿ ಹೋದವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಇದೆ; ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯವಾದರೆ 10 ಲಕ್ಷ. ಎರಡು ವರ್ಷಕ್ಕೆ 275, ಮೂರು ವರ್ಷಕ್ಕೆ 375 ರೂಪಾಯಿ, ಮೇಲೆ ತೆರಿಗೆ. ಹೋಗುವಾಗ ಏಜೆಂಟ್ ಮಾಡಿಸಿರುತ್ತಾನೆ, ಅವಧಿ ಮುಗಿದದ್ದು ಯಾರಿಗೂ ನೆನಪಿರುವುದಿಲ್ಲ. ಆನ್‌ಲೈನಿನಲ್ಲೇ ನವೀಕರಿಸಬಹುದು. ಪಾಲಿಸಿಯ ಪ್ರತಿ ಹೆಂಡತಿಯ ಕೈಯಲ್ಲಿರಲಿ. ಖಾತೆಯ ನಾಮಿನಿ ಯಾರೆಂದೂ ನೋಡಿ. ಮದುವೆಗೆ ಮೊದಲು ತೆರೆದ ಖಾತೆಯಲ್ಲಿ ಇನ್ನೂ ತೀರಿಹೋದ ಬಾಪನ ಹೆಸರೇ ಇರುವುದುಂಟು. ಈ ಸಲ ರಜೆಗೆ ಬಂದಾಗ ಮದುವೆ ಮನೆಗಳಿಗೆ ಹೊರಡುವ ಮೊದಲು ಒಂದು ಬೆಳಿಗ್ಗೆ ಇಬ್ಬರೂ ಬ್ಯಾಂಕಿಗೆ ಹೋಗಿ ಅದನ್ನು ಬದಲಿಸಿ ಬನ್ನಿ.